ಕಷ್ಟ ಹೇಳಿದರೆ ಅಡ್ವಾನ್ಸ್ ಸಿಗುತ್ತದೆ, ಸಂಬಳ ಏರಲ್ಲ

ದಾವಣಗೆರೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸಣ್ಣಪುಟ್ಟ ಸಂಸ್ಥೆಗಳ ಸಂಬಳದ ಪಟ್ಟಿ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಎಲ್ಲ ನಮ್ಮ ಆಫೀಸಿನಲ್ಲೇ ತಯಾರಾಗುತ್ತದೆ. ಖಾಸಗಿ ಶಾಲೆ, ನರ್ಸಿಂಗ್ ಹೋಂ, ಬಟ್ಟೆ ಅಂಗಡಿ, ಎಪಿಎಂಸಿಯ ದಲ್ಲಾಳಿ ಮಂಡಿ, ಹೀಗೆ. ಯಾರ ಹೆಸರನ್ನೂ ಹೇಳುವಂತಿಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಆದರೆ ಪಟ್ಟಿಗಳನ್ನು ನೋಡಿ ನೋಡಿ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ನಮ್ಮೂರಲ್ಲಿ ಎಷ್ಟೋ ಮಾಲೀಕರು ಸಂಬಳ ಗೊತ್ತು ಮಾಡುವುದು ಕೆಲಸ ನೋಡಿ ಅಲ್ಲ, ಮನೆ ನೋಡಿ.

ಒಂದೇ ಕೌಂಟರಿನಲ್ಲಿ ಬಿಲ್ ಹಾಕುವ ಇಬ್ಬರಿದ್ದಾರೆ. ಅವನಿಗೆ 16,000, ಅವಳಿಗೆ 12,500. ಅವಳೇ ಹಳಬಳು. ಅವನಿಗೆ ಬಿಲ್ಲಿಂಗ್ ಹೇಳಿಕೊಟ್ಟವಳೂ ಅವಳೇ. ಯಾಕೆ ಸರ್ ಹೀಗೆ ಅಂತ ಕೇಳಿದೆ. ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರು: "ಅವ್ನಿಗೆ ಸಂಸಾರ ಐತಲ್ರಿ. ಈಯಮ್ಮಂದು ಗಂಡ ದುಡೀತಾನೆ." ಹಾಗಾದರೆ ಗಂಡ ಇಲ್ಲದೆ ಇಬ್ಬರು ಮಕ್ಕಳನ್ನು ಸಾಕುತ್ತಿರುವವಳಿಗೆ ಜಾಸ್ತಿ ಕೊಡಬೇಕಲ್ವಾ? ಕೊಡಲ್ಲ. ಅವಳಿಗೆ "ಪಾಪ, ಕೆಲ್ಸ ಕೊಟ್ಟೀವಲ್ರಿ" ಅನ್ನುವ ಮಾತು. ಮದುವೆಯಾಗದ ಹುಡುಗನಿಗಾದರೂ ಕಡಿಮೆಯಾ ಅಂದರೆ, ಅದೂ ಇಲ್ಲ. "ನಾಳೆ ಮದ್ವೆ ಆಗೋನು." ಮನೆಯ ಲೆಕ್ಕ ಹಾಕಿದಾಗಲೆಲ್ಲ ಗಂಡಸಿನ ಕಡೆಗೇ ವಾಲುತ್ತದೆ.

ಹೀಗಿರುವಾಗ ನಮ್ಮ ಹೆಣ್ಣುಮಕ್ಕಳು ಸಂಬಳ ಕೇಳಲು ಹೋದಾಗ ತೆಗೆಯುವುದೂ ಮನೆಯ ಮಾತನ್ನೇ. ಮಗನ ಫೀಸು, ಅತ್ತೆಯ ಆಪರೇಷನ್, ಮನೆ ಬಾಡಿಗೆ. ಮಾಲೀಕರೇನು ಕಲ್ಲಲ್ಲ, ಕರಗುತ್ತಾರೆ. ಡ್ರಾಯರ್ ಎಳೆದು 5,000 ಅಡ್ವಾನ್ಸ್ ಕೊಡುತ್ತಾರೆ. ದೀಪಾವಳಿಗೆ ಸೀರೆ ಕೊಡುತ್ತಾರೆ. ಅಡ್ವಾನ್ಸನ್ನು ಮುಂದಿನ ತಿಂಗಳಿಂದ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ನನ್ನ ಹತ್ತಿರ ಬರುವ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹಳೇ ಅಂಕಿಯೇ ಇರುತ್ತದೆ. ಆದ್ದರಿಂದ ನಾನು ಹೇಳುವುದೆಲ್ಲ ಒಂದೇ ವಿಷಯದ ಸುತ್ತ: ಮನೆಯ ಮಾತು ಬಿಟ್ಟು ಕೆಲಸದ ಲೆಕ್ಕ ಮಾತಾಡುವುದು ಹೇಗೆ.

ಮೊದಲು ಈಗಿನ ಅಂಕಿ

ನಿಮ್ಮ ಸಂಬಳ ಎಷ್ಟು ಅಂತ ಕೇಳಿದರೆ ಜಾಸ್ತಿ ಜನ ಬ್ಯಾಂಕಿಗೆ ಬಂದು ಬೀಳುವ ದುಡ್ಡು ಹೇಳುತ್ತಾರೆ. ಮಾಲೀಕರ ತಲೆಯಲ್ಲಿ ಇರುವುದು ಬೇರೆ ಅಂಕಿ. ಇಬ್ಬರೂ ಬೇರೆ ಬೇರೆ ಅಂಕಿ ಹಿಡಿದು ಕೂತರೆ ಮಾತು ಮುಂದೆ ಹೋಗಲ್ಲ.

ನರ್ಸಿಂಗ್ ಹೋಂನವರು "ತಿಂಗಳಿಗೆ 20,000" ಅಂದರು ಅಂತ ಇಟ್ಟುಕೊಳ್ಳಿ. ಅದು ಗ್ರಾಸ್, ಅಂದರೆ ಕಡಿತಕ್ಕೆ ಮೊದಲಿನ ಸಂಬಳ ಆಗಿದ್ದು, ಪಿಎಫ್ ಲೆಕ್ಕಕ್ಕೆ 15,000 ಹಿಡಿದರೆ, ಶೇ 12ರಂತೆ 1,800 ಹೋಗುತ್ತದೆ. ಇಎಸ್‌ಐಗೆ ಶೇ 0.75, ಅಂದರೆ 150. ಕೈಗೆ 18,050 ಬರುತ್ತದೆ. ಅದೇ 20,000 ಸಿಟಿಸಿ, ಅಂದರೆ ನಿಮ್ಮ ಮೇಲೆ ಮಾಲೀಕರಿಗೆ ಬೀಳುವ ಒಟ್ಟು ಖರ್ಚು ಆಗಿದ್ದರೆ ಮಾಲೀಕರು ಕಟ್ಟಬೇಕಾದ ಪಿಎಫ್ 1,800, ಇಎಸ್‌ಐ ಶೇ 3.25 ಕೂಡ ಅದರೊಳಗೇ ಸೇರಿರುತ್ತದೆ. ಆಗ ಗ್ರಾಸ್ 17,600ರ ಆಸುಪಾಸಿಗೆ ಇಳಿಯುತ್ತದೆ. ಕೈಗೆ ಬರುವುದು ಸುಮಾರು 15,700. ಬಾಯಲ್ಲಿ ಹೇಳಿದ್ದು ಒಂದೇ 20,000, ಜೇಬಿಗೆ ಬರುವಾಗ ತಿಂಗಳಿಗೆ 2,300ಕ್ಕೂ ಜಾಸ್ತಿ ವ್ಯತ್ಯಾಸ. "ಸರ್, ಇದು ಗ್ರಾಸಾ, ಸಿಟಿಸಿನಾ?" ಅಂತ ಕೇಳುವುದರಲ್ಲಿ ಯಾವ ಅಹಂಕಾರವೂ ಇಲ್ಲ. ಕೇಳಿ.

ಸ್ಯಾಲರಿ ಸ್ಲಿಪ್ ಕೊಡದ ಕಡೆ ಕೆಲಸದಲ್ಲಿದ್ದರೆ ಸರ್ಕಾರದ ಉಮಂಗ್ ಆ್ಯಪಿನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಯಾವ ಸಂಬಳದ ಮೇಲೆ ಪಿಎಫ್ ಕಟ್ಟುತ್ತಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಎಷ್ಟೋ ಜನರಿಗೆ ಅಲ್ಲೇ ಮೊದಲ ಆಶ್ಚರ್ಯ ಕಾದಿರುತ್ತದೆ.

ಗಂಡಸರನ್ನು ಕೇಳಿ

ಇದನ್ನು ಯಾರೂ ಹೇಳಿಕೊಡಲ್ಲ. ಹೆಣ್ಣುಮಕ್ಕಳು ಸಂಬಳದ ವಿಚಾರ ಮಾತಾಡಿದರೆ ಹೆಣ್ಣುಮಕ್ಕಳ ಹತ್ತಿರವೇ ಮಾತಾಡುತ್ತಾರೆ. ಟೀಚರ್ ಇನ್ನೊಬ್ಬ ಟೀಚರನ್ನು ಕೇಳುತ್ತಾಳೆ, ಸಿಸ್ಟರ್ ಇನ್ನೊಬ್ಬ ಸಿಸ್ಟರನ್ನು. ಇಬ್ಬರದೂ 13,000 ಅಂತ ಗೊತ್ತಾದ ಕೂಡಲೇ ಸಮಾಧಾನ. "ಎಲ್ಲಾ ಕಡೆ ಇಷ್ಟೇ ಬಿಡೆ." ಅದು ಎಲ್ಲಾ ಕಡೆಯ ರೇಟ್ ಅಲ್ಲ, ಹೆಂಗಸರ ರೇಟ್. ಅದೇ ವಾರ್ಡಿನ ಬ್ರದರ್‌ಗೆ ಎಷ್ಟು, ಅದೇ ಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರಿಗೆ ಎಷ್ಟು ಅಂತ ತಿಳಿಯದೆ ನಿಮ್ಮ ಲೆಕ್ಕ ಪೂರ್ತಿಯಾಗಲ್ಲ.

ನೇರವಾಗಿ "ನಿಮಗೆಷ್ಟು ಕೊಡ್ತಾರೆ?" ಅಂದರೆ ಯಾರೂ ಬಾಯಿ ಬಿಡಲ್ಲ. ಒಂದು ಅಂಕಿಯನ್ನು ನೀವೇ ಇಡಿ. "ಸರ್, ಈ ಕೆಲಸಕ್ಕೆ 18,000 ಕೇಳೋಣ ಅಂತಿದೀನಿ, ಜಾಸ್ತಿ ಆಯ್ತಾ?" ಅನ್ನಿ. ಜನಕ್ಕೆ ತಮ್ಮ ಸಂಬಳ ಹೇಳಲು ಸಂಕೋಚ, ಬೇರೆಯವರ ಅಂಕಿ ತಿದ್ದಲು ಬಲು ಇಷ್ಟ. "ಅಯ್ಯೋ, 18 ಏನ್ ಮೇಡಂ, 20ಕ್ಕೆ ಕಡಿಮೆ ಒಪ್ಕೋಬೇಡಿ" ಅಂತ ತಾವೇ ಹೇಳುತ್ತಾರೆ. ಕೆಲಸ ಬಿಟ್ಟು ಹೋದವರು ಇನ್ನೂ ಚೆನ್ನಾಗಿ ಹೇಳುತ್ತಾರೆ, ಅವರಿಗೆ ಯಾರ ಹೆದರಿಕೆಯೂ ಇಲ್ಲ.

ಬೆಂಗಳೂರಿನ ಸಂಬಳವನ್ನು ಮಾತ್ರ ಎತ್ತಬೇಡಿ. "ಇದು ಬೆಂಗ್ಳೂರಲ್ಲವ್ವಾ" ಅನ್ನುವ ಉತ್ತರ ರೆಡಿ ಇರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಹರಿಹರ, ಚಿತ್ರದುರ್ಗ, ಶಿವಮೊಗ್ಗ, ಹುಬ್ಬಳ್ಳಿಯಲ್ಲಿ ಎಷ್ಟಿದೆ ಅಂತ ತಿಳಿದುಕೊಳ್ಳಿ. ಆ ಊರುಗಳ ಹೆಸರಿಗೆ ಮಾಲೀಕರು ಕಿವಿ ಕೊಡುತ್ತಾರೆ, ಯಾಕೆಂದರೆ ಅವರ ಸ್ಟಾಫ್ ಹೋಗುವುದೂ ಅಲ್ಲಿಗೇ. ಕಾರ್ಮಿಕ ಇಲಾಖೆ ಒಂದೊಂದು ಬಗೆಯ ಉದ್ಯೋಗಕ್ಕೂ ಕನಿಷ್ಠ ವೇತನ ಗೊತ್ತು ಮಾಡಿ, ಅದರ ತುಟ್ಟಿಭತ್ಯೆಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಪರಿಷ್ಕರಿಸುತ್ತದೆ. ಅದನ್ನೂ ಒಮ್ಮೆ ನೋಡಿ. ಅದರಲ್ಲಿ ಗಂಡಸಿಗೊಂದು ಹೆಂಗಸಿಗೊಂದು ಕಾಲಂ ಇಲ್ಲ. ಆದರೆ ಅದು ನೆಲ, ಸೂರಲ್ಲ. ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಅಂತಷ್ಟೇ ಅರ್ಥ.

ನೋಟ್‌ಬುಕ್

ಕೇಳುವುದಕ್ಕೆ ಎರಡು ಮೂರು ತಿಂಗಳು ಮೊದಲೇ 40 ಪುಟದ ಒಂದು ನೋಟ್‌ಬುಕ್ ಇಡಿ. ಸೇರುವಾಗ ಹೇಳಿದ ಕೆಲಸ ಯಾವುದು, ಆಮೇಲೆ ಸೇರಿಕೊಂಡ ಕೆಲಸ ಯಾವುದು, ಎರಡನ್ನೂ ಬೇರೆ ಬೇರೆ ಬರೆಯಿರಿ. ಬಿಲ್ಲಿಂಗಿಗೆ ಸೇರಿದವಳು ಈಗ ಸ್ಟಾಕ್ ನೋಡುತ್ತಾಳೆ, ಜಿಎಸ್‌ಟಿ ಬಿಲ್ ಹೊಂದಿಸಿ ಆಡಿಟರಿಗೆ ಕಳಿಸುತ್ತಾಳೆ, ಹೊಸ ಹುಡುಗರಿಗೆ ಟ್ಯಾಲಿ ಹೇಳಿಕೊಡುತ್ತಾಳೆ. ಟೀಚರ್ ಆಗಿ ಸೇರಿದವಳ ತಲೆಗೆ ಸ್ಕೂಲ್ ಬಸ್ಸಿನ ಉಸ್ತುವಾರಿ ಬಂದಿದೆ, ಎಸ್ಸೆಸ್ಸೆಲ್ಸಿ ಮಕ್ಕಳ ಸಂಜೆ ಕ್ಲಾಸೂ ಬಂದಿದೆ. ಅಂಕಿ ಇದ್ದರೆ ಅಂಕಿಯನ್ನೇ ಬರೆಯಿರಿ. ನಿಮ್ಮ ವಿಷಯದಲ್ಲಿ ಎಷ್ಟು ಮಕ್ಕಳು ಪಾಸಾದರು, ಎಷ್ಟು ಹಳೇ ಬಾಕಿ ವಸೂಲಾಯಿತು, ಬೇರೆಯವರ ರಜೆಯಲ್ಲಿ ಎಷ್ಟು ನೈಟ್ ಡ್ಯೂಟಿ ಮಾಡಿದಿರಿ.

ಸರಸ್ವತಿ ಪೂಜೆಗೆ ರಂಗೋಲಿ ಹಾಕಿದ್ದು, ಗೆಸ್ಟ್ ಬಂದಾಗ ಆರತಿ ಹಿಡಿದು ನಿಂತದ್ದು, ಸ್ಟಾಫ್ ಮೀಟಿಂಗಿಗೆ ಟೀ ತರಿಸಿದ್ದು, ಇವನ್ನೆಲ್ಲ ಬರೆಯಬೇಡಿ. ಇವೆಲ್ಲ ಕೆಲಸವೇ. ಆದರೆ ಇದಕ್ಕೆ ಯಾವ ಮಾಲೀಕರೂ ಬೆಲೆ ಕಟ್ಟಲ್ಲ. ಬರೆಯುವ ಬದಲು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬನ್ನಿ. "ಈ ಸಲ ಹರೀಶ್ ಸರ್ ನೋಡ್ಕೊಳ್ಳಲಿ" ಅನ್ನುವ ಹಾಗೆ, ಸ್ಟಾಫಿನ ಒಬ್ಬ ಗಂಡಸಿನ ಹೆಸರನ್ನು ನಗುತ್ತಲೇ ಹೇಳಿ.

ಯಾವಾಗ, ಯಾರನ್ನು

ಶಾಲೆಯವರು ಏಪ್ರಿಲ್‌ನಲ್ಲೇ ಕೇಳಬೇಕು. ಯಾರು ಉಳಿಯುತ್ತಾರೆ ಯಾರು ಬಿಡುತ್ತಾರೆ ಅಂತ ಮ್ಯಾನೇಜ್‌ಮೆಂಟ್ ತಲೆ ಕೆಡಿಸಿಕೊಳ್ಳುವ ಹೊತ್ತು ಅದು. ಜೂನ್ ಬಂದು ಟೈಂಟೇಬಲ್ ಗೋಡೆಗೆ ಅಂಟಿಸಿದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ. ಬಟ್ಟೆ ಅಂಗಡಿಯಲ್ಲಾದರೆ ದಸರಾ ದೀಪಾವಳಿಯ ಗಿರಾಕಿ ಶುರುವಾಗುವ ಮೊದಲು. ಲೆಕ್ಕ ಬರೆಯುವವರಿಗೆ ಜನವರಿ ಫೆಬ್ರವರಿ ಒಳ್ಳೆಯದು, ಮಾರ್ಚ್ ಎಂಡಿಂಗ್ ಎದುರಿಗಿರುತ್ತದೆ. ಇದು ಬ್ಲ್ಯಾಕ್‌ಮೇಲ್ ಅಲ್ಲ. ನಿಮ್ಮ ಕೆಲಸದ ಬೆಲೆ ಅವರ ಕಣ್ಣಿಗೆ ಚೆನ್ನಾಗಿ ಕಾಣುವ ಹೊತ್ತು, ಅಷ್ಟೇ.

ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ದುಡ್ಡಿನ ಮಾತು ಬೇಡ. ಲಕ್ಷ್ಮಿ ಆಚೆ ಹೋಗಬಾರದು ಅಂತ ನಂಬುವವರು ನಮ್ಮ ವ್ಯಾಪಾರಸ್ಥರಲ್ಲಿ ತುಂಬಾ ಜನ. ಅಮಾವಾಸ್ಯೆ ಪೂಜೆಯ ದಿನವೂ ಬೇಡ. ನೀವು ನಂಬುತ್ತೀರೋ ಇಲ್ಲವೋ ಬೇರೆ ಮಾತು, ಒಪ್ಪಬೇಕಾದವರು ಅವರು.

ಮ್ಯಾನೇಜರಿಗೆ ಮೊದಲೇ ಒಂದು ಮಾತು ತಿಳಿಸಿ, ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾರೆ. ಆದರೆ ಅವರ ಬಾಯಿಂದ ಕೇಳಿಸಬೇಡಿ. ಅಂಕಿ ಬದಲಾಯಿಸುವ ಅಧಿಕಾರ ಯಾರಿಗಿದೆಯೋ ಅವರ ಎದುರು ನೀವೇ ಕೂರಬೇಕು. ಇನ್ನೊಂದು, ದಯವಿಟ್ಟು ಅಪ್ಪನನ್ನೋ ಗಂಡನನ್ನೋ ಕರೆದುಕೊಂಡು ಹೋಗಬೇಡಿ. ಈಗಲೂ ಹೋಗುತ್ತಾರೆ. ಆಗ ಮಾಲೀಕರು ಮತ್ತು ಅಪ್ಪ ಮಾತಾಡಿಕೊಳ್ಳುತ್ತಾರೆ, ಇಬ್ಬರಿಗೂ ಯಾರೋ ಪರಿಚಯದವರು ಸಿಗುತ್ತಾರೆ, ಹುಡುಗಿಯ ಸಂಬಳ ಅವರ ಸ್ನೇಹದಲ್ಲಿ ಕರಗಿಹೋಗುತ್ತದೆ.

ಎದುರು ಕೂತಾಗ

ಯೂಟ್ಯೂಬಿನಲ್ಲಿ "ಧೈರ್ಯವಾಗಿ ಕೇಳಿ, ಹಕ್ಕಿನಿಂದ ಕೇಳಿ" ಅಂತ ಹೇಳುವವರು ಬೇಕಾದಷ್ಟಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ ಹ್ಯಾನಾ ಬೌಲ್ಸ್, ಲಿಂಡಾ ಬ್ಯಾಬ್‌ಕಾಕ್ ಅನ್ನುವವರು ಇನ್ನೊಬ್ಬರ ಜೊತೆ ಸೇರಿ ಮಾಡಿದ ಪ್ರಯೋಗಗಳು 2007ರಲ್ಲಿ ಪ್ರಕಟವಾದವು. ಸಂಬಳಕ್ಕೆ ಚೌಕಾಸಿ ಮಾಡಿದ ಗಂಡಸಿಗಿಂತ ಹಾಗೇ ಮಾಡಿದ ಹೆಂಗಸಿನ ಜೊತೆ ಕೆಲಸ ಮಾಡಲು ಜನ ಹೆಚ್ಚು ಹಿಂದೇಟು ಹಾಕುತ್ತಾರೆ ಅಂತ ಅವುಗಳಲ್ಲಿ ಕಂಡುಬಂತು. ಅಲ್ಲೇ ಹಾಗಾದರೆ ನಮ್ಮಲ್ಲಿ ಕೇಳಬೇಕಾ. ಹೆಣ್ಣುಮಕ್ಕಳು ಬಾಯಿ ಬಿಡದಿರುವುದು ಬರೀ ಅಂಜುಬುರುಕುತನ ಅಲ್ಲ, ಆಮೇಲೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ. ಇದು ಅನ್ಯಾಯವೇ. ಆದರೆ ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಕೂರುವುದು ಈ ಅನ್ಯಾಯದೊಳಗೇ. ಹಾಗಾಗಿ ಕೇಳುವ ರೀತಿಯಲ್ಲಿ ಸ್ವಲ್ಪ ಜಾಣತನ ಬೇಕು. ಅಂಕಿ ಗಟ್ಟಿಯಾಗಿರಲಿ, ದನಿ ಮೆತ್ತಗಿರಲಿ, ಮಾತು ಸಂಸ್ಥೆಯ ಕೆಲಸದಿಂದ ಶುರುವಾಗಲಿ.

"ಸರ್, ಕಳೆದ ವರ್ಷದಿಂದ ಸ್ಟಾಕ್ ಮತ್ತು ಜಿಎಸ್‌ಟಿ ಬಿಲ್ ಎರಡೂ ನಾನೇ ನೋಡ್ತಿದೀನಿ. ಮೊದಲು ಅದಕ್ಕೆ ಬೇರೆ ಒಬ್ಬರಿದ್ದರು. ಆಡಿಟರ್ ಕಡೆಯಿಂದ ಈ ವರ್ಷ ಒಂದೂ ತಕರಾರು ಬಂದಿಲ್ಲ. ಮುಂದೆಯೂ ನಾನೇ ಮಾಡ್ತೀನಿ. ನನ್ನ ಸಂಬಳ 18,000 ಮಾಡಿಕೊಡಬೇಕು." ಇಷ್ಟು ಹೇಳಿ ಬಾಯಿ ಮುಚ್ಚಿ.

ಬಾಯಿ ಮುಚ್ಚುವುದೇ ಕಷ್ಟದ ಕೆಲಸ. ಮಾಲೀಕರು ಫ್ಯಾನ್ ನೋಡುತ್ತಾರೆ, ಫೋನ್ ನೋಡುತ್ತಾರೆ. ಆ ಹೊತ್ತಿನಲ್ಲಿ ನಮ್ಮವರು ತಾವೇ ಕೆಳಗಿಳಿಯುತ್ತಾರೆ. "ಪೂರ್ತಿ ಆಗದಿದ್ರೆ ಪರವಾಗಿಲ್ಲ ಸರ್, ಒಂದ್ ಸಾವಿರ ಆದ್ರೂ…" ಅವರು ಏನೂ ಹೇಳದೆಯೇ ಕೆಲಸ ಮುಗಿಯಿತು! ಮನಸ್ಸಿನಲ್ಲಿ 16,500 ಇದ್ದರೆ 18,000 ಕೇಳಿ, ಸುಮ್ನೆ ಕೂತಿರಿ. ಇಳಿಸುವ ಕೆಲಸ ಅವರದು.

ಬರುವ ಮಾತುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಉತ್ತರ ಮನೆಯಲ್ಲೇ ಹೇಳಿ ಅಭ್ಯಾಸ ಮಾಡಿಕೊಂಡು ಹೋಗಿ.

"ನಿಮ್ ಯಜಮಾನ್ರು ಎಲ್ಲಿ ಕೆಲ್ಸ ಮಾಡ್ತಾರ್ರಿ?" ಅಂತ ಮಧ್ಯದಲ್ಲಿ ಕೇಳಿದರೆ ಅದು ಕುಶಲ ವಿಚಾರಣೆ ಅಲ್ಲ. "ಅವರ ಸಂಬಳ ಅವರ ಆಫೀಸಿನೋರು ಕೊಡ್ತಾರೆ ಸರ್. ನಾನು ಇಲ್ಲಿ ಕೆಲಸದ ವಿಷಯ ಹೇಳ್ತಿದೀನಿ" ಅಂತ ನಗುತ್ತಾ ಹೇಳಿ. ಸಿಟ್ಟು ಬೇಡ.

"ನೀವು ಮನೆಯೋರಿದ್ದಂಗೆ" ಅನ್ನುತ್ತಾರೆ. ಇದು ಕೇಳಲು ಹಿತವಾಗಿರುತ್ತದೆ, ಜಾಗ್ರತೆ. "ಅದಕ್ಕೇ ಸರ್, ಹೊರಗೆ ಹುಡುಕೋ ಮೊದಲು ನಿಮ್ಮನ್ನೇ ಕೇಳ್ತಿದೀನಿ" ಅನ್ನಬಹುದು. ಬೇರೆ ಕಡೆ ಹುಡುಕುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ. ಸುಮ್ನೆ ಹೆದರಿಸಲು ಹೇಳಿದರೆ ನಮ್ಮಂಥ ಊರಲ್ಲಿ ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ.

"ಈಗ ಬಿಸಿನೆಸ್ ಡಲ್ಲು, ಮುಂದಿನ ವರ್ಷ ನೋಡಾಣ ತಗಳ್ರಿ." ಇದು ಅತಿ ಹೆಚ್ಚು ಬರುವ ಉತ್ತರ. ಇದಕ್ಕೆ ವಾದ ಮಾಡಬೇಡಿ, ತಾರೀಖು ಕೇಳಿ. "ಆಯ್ತು ಸರ್. ಯಾವ ತಿಂಗಳು ಅಂತ ಹೇಳಿ, ಅಷ್ಟರೊಳಗೆ ನಾನು ಇನ್ನೇನು ಮಾಡಬೇಕು ಅಂತಲೂ ಹೇಳಿ." ಎರಡಕ್ಕೂ ಉತ್ತರ ಬರದಿದ್ದರೆ ಅದು ಮುಂದಿನ ವರ್ಷ ಅಲ್ಲ, ಆಗಲ್ಲ ಅಂತಲೇ.

ಹೊಸ ಕೆಲಸದ ಇಂಟರ್‌ವ್ಯೂ ಆದರೆ, ಅಂಕಿಗಿಂತ ಮೊದಲು "ಸಂಬಳದ ಬಗ್ಗೆ ಮಾತಾಡಬಹುದಾ?" ಅಂತ ಕೇಳಿಬಿಡಿ. ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಸುಮಾರು 2,500 ಅರ್ಜಿದಾರರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಜಾಹೀರಾತಿನಲ್ಲಿ ಸಂಬಳ ಮಾತಾಡಬಹುದು ಅಂತ ಬರೆದಿರದಿದ್ದಾಗ ಗಂಡಸರೇ ಹೆಚ್ಚು ಚೌಕಾಸಿ ಮಾಡಿದರು. ಬರೆದಿದ್ದಾಗ ಹೆಂಗಸರೂ ಅಷ್ಟೇ ಮಾಡಿದರು. ನಮ್ಮಲ್ಲಿ ಹಾಗೆ ಬರೆಯುವವರು ಕಡಿಮೆ, ಹಾಗಾಗಿ ಆ ಬಾಗಿಲನ್ನು ನೀವೇ ತೆರೆಯಬೇಕು. ಹಳೇ ಸಂಬಳ ಕೇಳಿದರೆ ಸುಳ್ಳು ಹೇಳಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. "ಅಲ್ಲಿ 13,000 ಇತ್ತು, ಅದು ಕಡಿಮೆ ಅಂತಲೇ ಬಿಡ್ತಿದೀನಿ. ಈ ಕೆಲಸಕ್ಕೆ 18,000 ನಿರೀಕ್ಷೆ ಇದೆ" ಅಂದರೆ ಸಾಕು.

ಹೆರಿಗೆಯ ಹೊತ್ತಿನಲ್ಲಿ

ಸಂಬಳದ ಪಟ್ಟಿಯಲ್ಲಿ ನಾನು ಕಂಡ ಹಾಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಕೂಡ, ಒಂದೇ ಉದ್ಯೋಗದಲ್ಲಿರುವ ಗಂಡು ಹೆಣ್ಣಿನ ಸಂಬಳದ ಅಂತರ ಬಹುಪಾಲು ಹುಟ್ಟುವುದು ಮೊದಲ ಮಗುವಿನ ನಂತರ ಅಂತ ತೋರಿಸಿದ್ದಾರೆ. ನಮ್ಮೂರಿನಲ್ಲಿ ಅದು ನಡೆಯುವ ಬಗೆ ಹೀಗೆ: "ಈಗ ಕೆಲ್ಸ ಬಿಡ್ರಿ, ಮಗು ದೊಡ್ಡದಾದ ಮೇಲೆ ಬರ್ರಿ, ನಿಮ್ ಜಾಗ ಎಲ್ಲೂ ಹೋಗಲ್ಲ." ಪ್ರೀತಿಯಿಂದಲೇ ಹೇಳುತ್ತಾರೆ. ಅವಳು ರಾಜೀನಾಮೆ ಬರೆದು ಕೊಡುತ್ತಾಳೆ. ವಾಪಸ್ ಬಂದಾಗ ಹೊಸಬಳಾಗಿ ಸೇರುತ್ತಾಳೆ, ಹೊಸಬರ ಸಂಬಳಕ್ಕೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣಕ್ಕೆ ಬೇಕಾದ ಐದು ವರ್ಷದ ಸೇವೆಯೂ ಮತ್ತೆ ಒಂದರಿಂದ ಶುರು.

ರಾಜೀನಾಮೆ ಬರೆಯಬೇಡಿ, ರಜೆ ಅರ್ಜಿ ಬರೆಯಿರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ 12 ವಾರವಿದ್ದ ಸಂಬಳ ಸಹಿತ ರಜೆಯನ್ನು 26 ವಾರ ಮಾಡಿದರು. ಈ ಕಾಯ್ದೆಯ ಜಾಗಕ್ಕೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅಷ್ಟೇ ಇದೆ. ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ.

ಮಾಲೀಕರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನೀವು ಇಎಸ್‌ಐಗೆ ಸೇರಿದ್ದರೆ, ಅಂದರೆ ಸಂಬಳ 21,000ದ ಒಳಗಿದ್ದು ವಂತಿಗೆ ಹೋಗುತ್ತಿದ್ದರೆ, ಆ 26 ವಾರದ ದುಡ್ಡನ್ನು ಕೊಡುವುದು ಇಎಸ್‌ಐ ನಿಗಮ. ಮಾಲೀಕರ ಜೇಬಿನಿಂದ ಹೋಗಲ್ಲ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಅವಧಿ ಆರು ತಿಂಗಳು) 70 ದಿನದ ವಂತಿಗೆ ಕಟ್ಟಿರಬೇಕು, ಅಷ್ಟೇ. ಇದನ್ನು ಹೇಳಿದ ಕೂಡಲೇ "ಹೌದೇನ್ರಿ?" ಅಂತ ಮುಖ ಅರಳಿಸಿ ರಜೆಗೆ ಸಹಿ ಹಾಕಿದವರನ್ನು ನೋಡಿದ್ದೇನೆ. ಮೊದಲು ಈ ಮಾತು ಹೇಳಿ, ಆಮೇಲೆ ಅರ್ಜಿ ಕೊಡಿ.

ಕಾನೂನು ಯಾವಾಗ ತೆಗೆಯಬೇಕು

ಮೊದಲ ಮಾತುಕತೆಯಲ್ಲಿ ಬೇಡ. ಆದರೆ ತಿಳಿದಿರಲಿ. ಸಂವಿಧಾನದ 39(ಡಿ) ವಿಧಿಯಲ್ಲೇ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಅಂತಿದೆ. 1976ರಲ್ಲಿ ಅದಕ್ಕೇ ಒಂದು ಕಾಯ್ದೆ ಬಂತು. ಅದು ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಿಂದ. ಒಂದೇ ಥರದ ಕೆಲಸಕ್ಕೆ ಹೆಣ್ಣು ಅನ್ನುವ ಕಾರಣಕ್ಕೆ ಕಡಿಮೆ ಕೊಡುವಂತಿಲ್ಲ. ಸಮ ಮಾಡುತ್ತೇವೆ ಅಂತ ಹೇಳಿ ಗಂಡಸಿನ ಸಂಬಳ ಇಳಿಸುವಂತೆಯೂ ಇಲ್ಲ. ಈ ಎರಡನೆಯದು ಮುಖ್ಯ, ಯಾಕೆಂದರೆ ಪಕ್ಕದ ಟೇಬಲ್ಲಿನ ಅಣ್ಣ ಮೊದಲು ಹೆದರುವುದೇ ಅದಕ್ಕೆ. ಅವರಿಗೂ ಇದನ್ನು ತಿಳಿಸಿ.

1987ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಸ್ಟೆನೊಗ್ರಾಫರ್ ಆಗಿದ್ದ ಆಡ್ರೆ ಡಿಕೋಸ್ಟಾ ಅನ್ನುವವರು ಗಂಡು ಸ್ಟೆನೊಗಳಿಗಿಂತ ತಮಗೆ ಕಡಿಮೆ ಸಂಬಳ ಕೊಟ್ಟರು ಅಂತ ಹೋರಾಡಿದ ಕೇಸು. ಯೂನಿಯನ್ ಒಪ್ಪಂದ ಆಗಿದೆ ಅಂತ ಕಂಪನಿ ವಾದಿಸಿತು, ಜಾಸ್ತಿ ಕೊಡುವ ಶಕ್ತಿ ಇಲ್ಲ ಅಂತಲೂ ವಾದಿಸಿತು. ಕಂಪನಿಗೆ ಶಕ್ತಿ ಇರಲಿ ಇಲ್ಲದಿರಲಿ, 1976ರ ಕಾಯ್ದೆ ಅನ್ವಯಿಸುತ್ತದೆ ಅಂತ ಕೋರ್ಟ್ ಹೇಳಿತು. "ಬಿಸಿನೆಸ್ ಡಲ್ಲು" ಅನ್ನುವ ನೆಪಕ್ಕೆ ಇಷ್ಟು ಹಳೆಯ ಉತ್ತರ ಇದೆ. ದೂರು ಕೊಡುವುದಾದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು, ಸ್ಲಿಪ್ ಮತ್ತು ಆ ನೋಟ್‌ಬುಕ್ ಜೊತೆಗೆ. ಒಬ್ಬಳೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗುವುದು ಒಳ್ಳೆಯದು.

ಒಪ್ಪಿದ ಮೇಲೆ

ಅವತ್ತೇ ಸಂಜೆ ಒಂದು ವಾಟ್ಸಾಪ್ ಕಳಿಸಿ. "ನಮಸ್ಕಾರ ಸರ್. ಇವತ್ತು ಹೇಳಿದಂತೆ ಜೂನ್ ತಿಂಗಳಿಂದ ನನ್ನ ಗ್ರಾಸ್ ಸಂಬಳ 17,000. ಧನ್ಯವಾದ." ಅವರು ಕೈ ಮುಗಿಯುವ ಒಂದು ಎಮೋಜಿ ಹಾಕಿದರೂ ಸಾಕು, ದಾಖಲೆ ಆಯಿತು.

ಮೊದಲ ತಿಂಗಳ ಸ್ಲಿಪ್ಪಿನಲ್ಲಿ ಏರಿದ್ದು ಯಾವ ಸಾಲು ಅಂತ ನೋಡಿ. ಬೇಸಿಕ್ (ಮೂಲ ವೇತನ) ಹಾಗೇ ಇಟ್ಟು ಏರಿಕೆಯನ್ನೆಲ್ಲ ಸ್ಪೆಷಲ್ ಅಲೊವೆನ್ಸಿಗೆ ತುಂಬಿದ್ದರೆ ಪಿಎಫ್, ಗ್ರಾಚ್ಯುಟಿ ಎರಡೂ ಹಳೇ ಲೆಕ್ಕದಲ್ಲೇ ಉಳಿಯಬಹುದು. ಹೊಸ ಸಂಹಿತೆಯ ಪ್ರಕಾರ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಅಂತಲೇ ಹಿಡಿಯಬೇಕು. ತಪ್ಪು ಕಂಡರೆ ಮಾಲೀಕರ ಹತ್ತಿರ ಹೋಗುವ ಮೊದಲು ಲೆಕ್ಕ ಬರೆಯುವ ನಮ್ಮಂಥವರಿಗೆ ಒಂದು ಫೋನ್ ಮಾಡಿ. ಪಿಎಫ್ ರಿಟರ್ನ್ ಪ್ರತಿ ತಿಂಗಳು 15ರೊಳಗೆ ಹೋಗುತ್ತದೆ. ಅದಕ್ಕೂ ಮೊದಲೇ ತಿಳಿಸಿದರೆ ಆ ತಿಂಗಳೇ ಸರಿ ಮಾಡಬಹುದು.